ನಮ್ಮೂರಲ್ಲಿ ಚಳಿ ಎಲ್ಲಿದೆ ಸಾರ್?

ಈ ಮೇಜಿನ ಮೇಲೆ ಒಂದು ಫ್ಲಾಸ್ಕ್ ಇದೆ, ಎರಡು ಸ್ಟೀಲ್ ಲೋಟ ಇವೆ, ಒಂದು ಸ್ಕೇಲ್ ಇದೆ. ಕಾಫಿ ತಂದಿದ್ದೇನೆ ಅಂದುಕೊಳ್ಳಬೇಡಿ, ಫ್ಲಾಸ್ಕಿನಲ್ಲಿರೋದು ಬರೀ ಬಿಸಿನೀರು. ಪಕ್ಕದಲ್ಲಿ ಎರಡು ಸಣ್ಣ ಲೋಹದ ಡಬ್ಬಿಗಳಿವೆ ನೋಡಿ. ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದು, ಅಷ್ಟೇ ದೊಡ್ಡದು. ಮೈತುಂಬ ಮಡಿಕೆ, ಥೇಟ್ ಹಾರ್ಮೋನಿಯಂ ತಿದಿಯ ಹಾಗೆ. ಇಂಗ್ಲಿಷಿನಲ್ಲಿ ಇದಕ್ಕೆ ಬೆಲ್ಲೋಸ್ ಅಂತಲೇ ಹೆಸರು. ಕುಲುಮೆಯಲ್ಲಿ ಬೆಂಕಿ ಊದೋದಕ್ಕೆ ಇದ್ದ ನಮ್ಮ ತಿದಿಯ ಹೆಸರೇ ಇದಕ್ಕೂ ಸಲ್ಲುತ್ತದೆ. ನಾನೂ ತಿದಿ ಅಂತಲೇ ಕರೆಯುತ್ತೇನೆ.

ಈಗ ಒಂದನ್ನು ಮಾತ್ರ ಬಿಸಿನೀರಿಗೆ ಹಾಕುತ್ತೇನೆ. ಅದು ಅಲ್ಲೇ ಇರಲಿ. ಅಷ್ಟರಲ್ಲಿ ನಾನು ಮೋಸಹೋದ ಕಥೆ ಹೇಳುತ್ತೇನೆ.

ನನ್ನ ಬಳಿ 1966ರ ಒಂದು ಫೋಕ್ಸ್‌ವ್ಯಾಗನ್ ಬೀಟಲ್ ಇದೆ. ಕೊಂಡಾಗ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತಿತ್ತು. ಆದರೆ ಬೆಳಿಗ್ಗೆ ಒಂದು ಕಾಟ. ಮನೆಯಿಂದ ಹೊರಟು ಎರಡು ಮೂರು ನಿಮಿಷ ಸರಿಯಾಗಿ ಓಡುತ್ತದೆ, ಆಮೇಲೆ ಕೆಮ್ಮೋದಕ್ಕೆ ಶುರು. ಸಿಗ್ನಲ್ ಬಂತು ಅಂದರೆ ಆಫ್. ಕಾರ್ಬ್ಯುರೇಟರ್ ಬಿಚ್ಚಿಸಿದೆ, ಪ್ಲಗ್ ಬದಲಾಯಿಸಿದೆ, ಏನೂ ಪ್ರಯೋಜನ ಆಗಲಿಲ್ಲ. ಒಂದು ದಿನ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದೆ. ಒಳಗಡೆ ಹಳದಿ ಬಣ್ಣದ ಕೆನೆ! ಬೆಣ್ಣೆ ಕಾಸುವಾಗ ಮೇಲೆ ನೊರೆ ನಿಲ್ಲುತ್ತದಲ್ಲ, ಆ ತರಹ. ಬೆರಳಿಗೆ ಅಂಟಿತು. ಎಣ್ಣೆಗೆ ನೀರು ಸೇರಿದೆ ಅಂತ ಗೊತ್ತಾಯಿತು. ಆದರೆ ಈ ಕಾರಿನ ಎಂಜಿನ್ ತಣಿಯೋದು ಗಾಳಿಯಿಂದ, ರೇಡಿಯೇಟರೇ ಇಲ್ಲ, ನೀರು ಎಲ್ಲಿಂದ ಬರಬೇಕು?

ಹಿಂದಿನ ಮಾಲೀಕರ ಹತ್ತಿರ ಕಾರು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿದೆ. ಅವರು ಒಂದು ಮಾತು ಹೇಳಿದರು. "ಸಾರ್, ಅದರಲ್ಲಿ ಗಾಳಿ ಮುಚ್ಚೋ ತಗಡು ಎರಡು ಇತ್ತು, ತೆಗೆದು ಬಿಸಾಕ್ಬಿಟ್ಟೆ. ಅದು ಜರ್ಮನಿ ಚಳಿಗೆ ಮಾಡಿರೋದು. ನಮ್ಮೂರಲ್ಲಿ ಚಳಿ ಎಲ್ಲಿದೆ ಸಾರ್?"

ಕೇಳೋದಕ್ಕೆ ಎಷ್ಟು ಸರಿಯಾಗಿದೆ ಅಲ್ವಾ? ನಾನೂ ತಲೆಯಾಡಿಸಿಬಿಟ್ಟೆ. ಆ ಮಾತು ಎಲ್ಲಿ ತಪ್ಪು ಅಂತ ಅರ್ಥವಾಗೋದಕ್ಕೆ ನನಗೆ ಒಂದು ವರ್ಷ ಹಿಡಿಯಿತು.

ನಿಮ್ಮಲ್ಲಿ ಹಳೆಯ ಬಜಾಜ್ ಚೇತಕ್ ಸ್ಕೂಟರ್ ಓಡಿಸಿದವರು ಎಷ್ಟು ಜನ ಇದ್ದೀರಿ? ಸುಮಾರು ಕೈ ಎದ್ದಿವೆ. ಹಾಗಾದರೆ ನಿಮಗೆ ಅರ್ಧ ಪಾಠ ಗೊತ್ತೇ ಇದೆ. ಬುಲೆಟ್ಟಿನ ಸಿಲಿಂಡರ್ ಬಯಲಲ್ಲಿ ಇರುತ್ತದೆ, ಗಾಡಿ ಓಡಿದಾಗ ಎದುರು ಗಾಳಿ ಬಡಿದು ತಣ್ಣಗಾಗುತ್ತದೆ. ಚೇತಕ್ಕಿನ ಎಂಜಿನ್ ಪಕ್ಕದ ಡಬ್ಬದೊಳಗೆ ಅಡಗಿ ಕೂತಿದೆ, ಅದಕ್ಕೆ ಎದುರು ಗಾಳಿ ಸಿಗೋದಿಲ್ಲ. ಅದಕ್ಕೇ ಫ್ಲೈವೀಲಿನ ಮೇಲೆ ರೆಕ್ಕೆ ಎರಕ ಹೊಯ್ದು ಫ್ಯಾನ್ ಮಾಡಿದ್ದಾರೆ, ಸಿಲಿಂಡರಿನ ಸುತ್ತ ಒಂದು ಕವಚ ಮುಚ್ಚಿದ್ದಾರೆ. ಫ್ಯಾನ್ ಊದಿದ ಗಾಳಿ ಬೇರೆಲ್ಲೂ ಹೋಗದೆ ಸಿಲಿಂಡರಿನ ಮೈಮೇಲಿನ ತೆಳು ಪದರಗಳ, ಅಂದರೆ ಫಿನ್ನುಗಳ ಸಂದಿಯಲ್ಲೇ ಹಾದು ಹೋಗಬೇಕು.

ಬೀಟಲ್ಲಿನಲ್ಲೂ ಇದೇ ಉಪಾಯ, ಸ್ವಲ್ಪ ದೊಡ್ಡದಾಗಿ. ಎಂಜಿನ್ ಹಿಂದೆ ಇದೆ. ನಾಲ್ಕು ಸಿಲಿಂಡರ್ ಮಲಗಿವೆ, ಬಲಕ್ಕೆ ಒಂದು ಮತ್ತು ಎರಡು, ಎಡಕ್ಕೆ ಮೂರು ಮತ್ತು ನಾಲ್ಕು. ಮೇಲೆ ನಿಂತಿರುವ ಅರ್ಧಚಂದ್ರದಂಥ ದೊಡ್ಡ ತಗಡಿನ ಗೂಡಿನೊಳಗೆ ಫ್ಯಾನ್. ಆ ಫ್ಯಾನ್ ಡೈನಮೋದ ಶಾಫ್ಟಿಗೇ ಕೂತಿದೆ. ಎಂಜಿನ್ನಿನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕಿನ ಪುಲ್ಲಿಯಿಂದ ಒಂದೇ ಒಂದು ಬೆಲ್ಟ್ ಡೈನಮೋವನ್ನು ತಿರುಗಿಸುತ್ತದೆ, ಜೊತೆಗೆ ಫ್ಯಾನನ್ನೂ. ಎಂಜಿನ್ ಜೋರಾಗಿ ಓಡುವಾಗ ಈ ಫ್ಯಾನ್ ಸೆಕೆಂಡಿಗೆ ಸುಮಾರು 500 ಲೀಟರ್ ಗಾಳಿ ತಳ್ಳುತ್ತದೆ. ಎರಡೂವರೆ ದೊಡ್ಡ ಡ್ರಮ್ಮಿನಷ್ಟು ಗಾಳಿ, ಒಂದು ಸೆಕೆಂಡಿಗೆ.

ಇಲ್ಲಿ ಒಂದು ಅಡ್ಡ ಮಾತು. ಬೀಟಲ್ ಓಡಿಸುವವರಿಗೆ ಮೊದಲು ಕಲಿಸಬೇಕಾದ್ದು ಇದು. ಬೇರೆ ಕಾರಿನಲ್ಲಿ ಡೈನಮೋದ ಕೆಂಪು ದೀಪ ಹತ್ತಿದರೆ, ಬ್ಯಾಟರಿ ಚಾರ್ಜ್ ಆಗ್ತಿಲ್ಲ, ಮನೆಗೆ ಹೋಗಿ ನೋಡೋಣ ಅಂತ ಓಡಿಸಬಹುದು. ಬೀಟಲ್ಲಿನಲ್ಲಿ ಅದೇ ದೀಪ ಹತ್ತಿದರೆ ಬೆಲ್ಟ್ ಹರಿದಿರಬಹುದು ಅಂತ ಅರ್ಥ. ಬೆಲ್ಟ್ ಹರಿದರೆ ಫ್ಯಾನೂ ನಿಂತಿದೆ. ಅಲ್ಲೇ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಬೇಕು, ಇನ್ನೊಂದು ಕಿಲೋಮೀಟರ್ ಕೂಡ ಬೇಡ. ಬೆಲ್ಟ್ ಬಿಗಿ ಮಾಡೋದೂ ಇದರಲ್ಲಿ ವಿಚಿತ್ರ. ಡೈನಮೋದ ಪುಲ್ಲಿ ಎರಡು ಹೋಳು, ನಡುವೆ ತೆಳ್ಳಗಿನ ವಾಷರುಗಳು. ಒಂದು ವಾಷರ್ ನಡುವಿನಿಂದ ತೆಗೆದರೆ ಹೋಳುಗಳು ಹತ್ತಿರ ಬಂದು ಬೆಲ್ಟ್ ಮೇಲಕ್ಕೆ ಏರಿ ಬಿಗಿಯಾಗುತ್ತದೆ. ತೆಗೆದ ವಾಷರನ್ನು ಕಳೆದುಹೋಗದ ಹಾಗೆ ಹೊರಗಡೆ ಅದೇ ನಟ್ಟಿನ ಕೆಳಗೆ ಇಡಬೇಕು. ಹೆಬ್ಬೆರಳಲ್ಲಿ ಒತ್ತಿದರೆ ಬೆಲ್ಟ್ ಒಂದೂವರೆ ಸೆಂಟಿಮೀಟರ್ ತಗ್ಗಬೇಕು. ಅಷ್ಟೇ ಅಳತೆ.

ಸರಿ, ಫ್ಯಾನಿಗೆ ಬರೋಣ. ಈ ಫ್ಯಾನಿಗೆ ಒಂದು ದಡ್ಡತನ ಇದೆ. ಅದಕ್ಕೆ ಗೊತ್ತಿರೋದು ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಅನ್ನೋದು ಮಾತ್ರ. ಎಷ್ಟು ಬಿಸಿಯಾಗಿದೆ ಅಂತ ಅದಕ್ಕೆ ಗೊತ್ತಿಲ್ಲ. ಮಧ್ಯಾಹ್ನ ಚಾರ್ಮಾಡಿ ಘಾಟಿ ಹತ್ತುವಾಗಲೂ ಅಷ್ಟೇ ಊದುತ್ತದೆ, ಬೆಳಿಗ್ಗೆ ಆರಕ್ಕೆ ತಣ್ಣಗಿರುವ ಎಂಜಿನ್ ಅದೇ ವೇಗದಲ್ಲಿ ತಿರುಗಿದಾಗಲೂ ಅಷ್ಟೇ ಊದುತ್ತದೆ. ಒಲೆಗೆ ಈಗಷ್ಟೇ ಕಿಡಿ ತಾಗಿಸಿದ್ದೀರಿ, ಪಕ್ಕದಲ್ಲಿ ಯಾರೋ ಟೇಬಲ್ ಫ್ಯಾನ್ ಹಾಕಿ ಕೂತರೆ ಹೇಗಿರುತ್ತದೆ?

ಹಾಗಾಗಿ ಫ್ಯಾನಿಗೂ ಸಿಲಿಂಡರಿಗೂ ನಡುವೆ ಒಂದು ತೂಬು ಬೇಕು. ಕೆರೆಯಲ್ಲಿ ನೀರು ಎಷ್ಟೇ ಇರಲಿ, ಗದ್ದೆಗೆ ಎಷ್ಟು ಬಿಡಬೇಕು ಅಂತ ತೂಬು ನೋಡಿಕೊಳ್ಳುತ್ತದೆ. ನಮ್ಮ ಮೆಕ್ಯಾನಿಕ್ ಬಿಸಾಕಿದ್ದು ಆ ತೂಬಿನ ಬಾಗಿಲುಗಳನ್ನೇ. ಗೂಡಿನ ಕೆಳಭಾಗದಲ್ಲಿ, ಗಾಳಿ ಸಿಲಿಂಡರುಗಳ ಮೇಲೆ ಇಳಿಯುವ ಜಾಗದಲ್ಲಿ, ಎಡಕ್ಕೂ ಬಲಕ್ಕೂ ತಿರುಗುವ ತಗಡಿನ ಬಾಗಿಲುಗಳಿವೆ. ಇವೇ ಫ್ಲಾಪ್. ಎರಡು ಕಡೆಯದನ್ನೂ ಒಂದು ಅಡ್ಡ ಕಂಬಿ ಜೋಡಿಸಿದೆ, ಬಲಗಡೆಯದು ತೆರೆದರೆ ಎಡಗಡೆಯದೂ ತೆರೆಯುತ್ತದೆ.

ಈ ಬಾಗಿಲನ್ನು ತೆರೆದು ಮುಚ್ಚುವ ನೀರಗಂಟಿ ಯಾರು? ಈಗ ಲೋಟ ನೋಡೋಣ.

ಹೊರಗೆ ತೆಗೆಯುತ್ತಿದ್ದೇನೆ. ಅಬ್ಬಾ, ಕೈ ಸುಡುತ್ತೆ. ಮುಂದಿನ ಸಾಲಿನವರಿಗೆ ಕಾಣುತ್ತಿದೆಯಾ? ಹಾಕಿದಾಗ ಮುದುರಿಕೊಂಡಿತ್ತು, ಈಗ ಮಡಿಕೆ ಬಿಚ್ಚಿಕೊಂಡು ಉದ್ದ ಆಗಿದೆ. ಸ್ಕೇಲ್ ಇಡುತ್ತೇನೆ. 46 ಮಿಲಿಮೀಟರ್ ದಾಟಿದೆ. ಇದು ಪಾಸ್. 65ರಿಂದ 70 ಡಿಗ್ರಿ ಬಿಸಿಯಲ್ಲಿ ಕನಿಷ್ಠ 46 ಮಿಲಿಮೀಟರ್ ಇರಬೇಕು, ಅದೇ ಪರೀಕ್ಷೆ. ಅಡುಗೆಮನೆಯಲ್ಲೇ ಮಾಡಬಹುದು, ಪಾತ್ರೆ ಯಾವುದಕ್ಕೆ ಬಳಸಿದಿರಿ ಅಂತ ಮನೆಯವರಿಗೆ ಹೇಳದಿದ್ದರೆ ಆಯ್ತು.

ಒಳಗೆ ಏನಿದೆ? ಬೇಗ ಆವಿಯಾಗುವ ದ್ರವ, ಒಂದಿಷ್ಟೇ. ತುಂಬಿಸುವಾಗ ಒಳಗಿನ ಗಾಳಿ ಎಳೆದು ತೆಗೆದು ಮುಚ್ಚಿಬಿಟ್ಟಿರುತ್ತಾರೆ. ತಣ್ಣಗಿದ್ದಾಗ ಒಳಗೆ ಒತ್ತಡ ಕಡಿಮೆ, ಹೊರಗಿನ ವಾತಾವರಣದ ಗಾಳಿ ಸುತ್ತಲಿಂದ ಅದುಮಿ ಅದನ್ನು ಮುದುರಿಸಿ ಇಟ್ಟಿರುತ್ತದೆ. ಬಿಸಿಯಾದಾಗ ದ್ರವ ಆವಿಯಾಗಿ ಒಳಗಿನಿಂದ ತಳ್ಳುತ್ತದೆ, ತಿದಿ ಚಾಚಿಕೊಳ್ಳುತ್ತದೆ. ತಂತಿ ಇಲ್ಲ, ಕರೆಂಟ್ ಇಲ್ಲ.

ಇದು ಕೂತಿರುವ ಜಾಗ ಅದಕ್ಕಿಂತ ಚಂದ. ಕಾರಿನ ಬಲಗಡೆ, ಒಂದು ಎರಡನೇ ಸಿಲಿಂಡರುಗಳ ಕೆಳಗೆ, ತಗಡಿನ ಒಳಗೆ. ಗಾಳಿ ಮೇಲಿನಿಂದ ಬಂದು, ಸಿಲಿಂಡರಿನ ಬಿಸಿ ಹೊತ್ತುಕೊಂಡು, ಕೆಳಗೆ ಇಳಿಯುವ ದಾರಿ ಅದು. ಅಂದರೆ ಫ್ಯಾನ್ ಊದುವ ತಣ್ಣನೆ ಗಾಳಿ ಇದಕ್ಕೆ ಬೇಕಿಲ್ಲ, ಕೆಲಸ ಮುಗಿಸಿ ಬಂದ ಗಾಳಿ ಬೇಕು. ಪಾಯಸ ಆದಮೇಲೆ ರುಚಿ ನೋಡಿದ ಹಾಗೆ. ತಿದಿಯ ತಲೆಗೆ ಒಂದು ಉದ್ದನೆಯ ಕಂಬಿ ಸಿಕ್ಕಿಸಿದೆ. ಅದು ಸಿಲಿಂಡರುಗಳ ಸಂದಿಯಲ್ಲಿ ಮೇಲಕ್ಕೆ ಹೋಗಿ ಫ್ಲಾಪಿಗೆ ಸೇರುತ್ತದೆ. ತಿದಿ ಚಾಚಿದರೆ ಕಂಬಿ ಮೇಲೆ, ಬಾಗಿಲು ತೆರೆಯಿತು. ತಣ್ಣಗಾಗಿ ಮುದುರಿದರೆ ಕಂಬಿ ಕೆಳಗೆ, ಬಾಗಿಲು ಮುಚ್ಚಿತು. ಮುಚ್ಚಿದರೂ ಪೂರ್ತಿ ಬಿಗಿ ಅಲ್ಲ, ಸಂದಿಯಿಂದ ಒಂದಿಷ್ಟು ಗಾಳಿ ಹರಿಯುತ್ತಲೇ ಇರುತ್ತದೆ. ಆ ಗಾಳಿ ಬಿಸಿಯಾಗಿ ಕೆಳಗೆ ಬಂದು ತಿದಿಗೆ ಸುದ್ದಿ ಮುಟ್ಟಿಸುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದಿದೆ. ಈ ಎರಡನೇ ತಿದಿ ನೋಡಿ. ಇದು ಕೆಟ್ಟದ್ದು. ಬಿಸಿನೀರಿಗೆ ಹಾಕೇ ಇಲ್ಲ, ಆದರೂ ಉದ್ದಕ್ಕೆ ಚಾಚಿಕೊಂಡಿದೆ. ಯಾಕೆ? ಎಲ್ಲೋ ಕೂದಲಿನಷ್ಟು ಬಿರುಕು ಬಿಟ್ಟು ಒಳಗೆ ಗಾಳಿ ಹೊಕ್ಕಿದೆ. ಒಳಗೂ ಹೊರಗೂ ಒಂದೇ ಒತ್ತಡ ಆದಮೇಲೆ ಅದನ್ನು ಅದುಮಿ ಹಿಡಿಯುವವರು ಯಾರೂ ಇಲ್ಲ, ಲೋಹದ ಮಡಿಕೆ ತನ್ನ ಸಹಜ ಉದ್ದಕ್ಕೆ ಬಂದುಬಿಟ್ಟಿದೆ. ಅಂದರೆ ತಿದಿ ಸತ್ತರೆ ಬಾಗಿಲು ತೆರೆದೇ ಉಳಿಯುತ್ತದೆ. ಕಂಬಿ ಕಳಚಿ ಬಿದ್ದರೂ ಅಷ್ಟೇ, ಫ್ಲಾಪಿಗಿರುವ ಸ್ಪ್ರಿಂಗ್ ಅದನ್ನು ತೆರೆದ ಕಡೆಗೇ ಎಳೆಯುತ್ತದೆ. ಬೆಳಿಗ್ಗೆ ಎಂಜಿನ್ ಬಿಸಿಯಾಗೋದು ತಡ ಆಗಬಹುದು, ಆದರೆ ಸುಟ್ಟು ಹೋಗೋದಿಲ್ಲ. ಕೆಡೋದಾದರೆ ಯಾವ ಕಡೆಗೆ ಕೆಡಬೇಕು ಅಂತ ಮೊದಲೇ ಯೋಚಿಸಿ ಮಾಡಿದ ಸಾಮಾನು ಇದು.

ಈಗ ನನ್ನ ಕಾರಿನ ಕೆಮ್ಮಿಗೆ ಬರೋಣ. ಅದರ ಚೋಕ್, ಅಂದರೆ ತಣ್ಣಗಿನ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡಿಸುವ ವ್ಯವಸ್ಥೆ, ತಾನಾಗಿಯೇ ಬಿಡುವಂಥದ್ದು. ಒಳಗಿನ ಸುರುಳಿಯನ್ನು ಕರೆಂಟ್ ಬಿಸಿ ಮಾಡುತ್ತದೆ, ಕೆಲವೇ ನಿಮಿಷಕ್ಕೆ ಚೋಕ್ ತೆರೆಯುತ್ತದೆ. ಅಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತದೆ ಅನ್ನೋ ನಂಬಿಕೆಯ ಮೇಲೆ ಅದನ್ನು ಮಾಡಿದ್ದಾರೆ. ಫ್ಲಾಪ್ ಇಲ್ಲದ ನನ್ನ ಎಂಜಿನ್ ಇನ್ನೂ ತಣ್ಣಗೆ ಕೂತಿರುತ್ತಿತ್ತು. ಚೋಕ್ ಬಿಟ್ಟಿತು, ಪೆಟ್ರೋಲ್ ಸಾಲಲಿಲ್ಲ, ಕೆಮ್ಮು ಶುರು. ನಾನು ಸುಮ್ನೆ ಕಾರ್ಬ್ಯುರೇಟರಿಗೆ ಬೈದೆ.

ಹಳದಿ ಕೆನೆ? ಪೆಟ್ರೋಲ್ ಉರಿದರೆ ನೀರಿನ ಆವಿ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗೆ ಇಳಿಯುತ್ತದೆ. ಎಂಜಿನ್ ಬಿಸಿಯಾಗಿದ್ದರೆ ಅದು ಹಾಗೇ ಆವಿಯಾಗಿ ಹೊರಗೆ ಹೋಗುತ್ತದೆ. ತಣ್ಣಗಿದ್ದರೆ ಒಳಗೇ ಹನಿಗಟ್ಟಿ ಎಣ್ಣೆಯ ಜೊತೆ ಕಡೆದುಕೊಂಡು ಕೆನೆಯಾಗುತ್ತದೆ. ನಾನು ಓಡಿಸುತ್ತಿದ್ದದ್ದು ಬರೀ ನಾಲ್ಕು ಕಿಲೋಮೀಟರ್, ಮನೆಯಿಂದ ಮಾರ್ಕೆಟ್ಟಿಗೆ. ಈ ಎಂಜಿನ್ನಿಗೆ ಇರೋದೇ ಎರಡೂವರೆ ಲೀಟರ್ ಆಯಿಲ್. ಅದರಲ್ಲಿ ನೀರು ಬೆರೆತರೆ ಉಳಿದದ್ದೆಷ್ಟು?

ಇನ್ನೊಂದು ಸಂಗತಿ ಕಣ್ಣಿಗೆ ಕಾಣೋದಿಲ್ಲ. ಬೀಟಲ್ ಎಂಜಿನ್ನಿನ ಸಿಲಿಂಡರ್ ಎರಕದ ಕಬ್ಬಿಣ, ಹೆಡ್ ಅಲ್ಯುಮಿನಿಯಂ, ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂ ಮಿಶ್ರಲೋಹ. ಮೂರೂ ಬಿಸಿಗೆ ಬೇರೆ ಬೇರೆ ಅಳತೆಯಲ್ಲಿ ಹಿಗ್ಗುತ್ತವೆ. ಓಡುವ ಬಿಸಿಯಲ್ಲಿ ಎಲ್ಲವೂ ಸರಿಯಾಗಿ ಕೂರಬೇಕು ಅಂತ ಲೆಕ್ಕ ಹಾಕಿ ಸಂದಿ ಬಿಟ್ಟಿದ್ದಾರೆ. ಆ ಬಿಸಿಗೆ ಬೇಗ ಮುಟ್ಟಿಸಿ, ಅಲ್ಲೇ ನಿಲ್ಲಿಸೋದು ಫ್ಲಾಪಿನ ಕೆಲಸ. ಫ್ಲಾಪ್ ಇರೋದು ತಣ್ಣಗೆ ಮಾಡೋಕಲ್ಲ, ಬಿಸಿ ಕಾಪಾಡೋಕೆ. ಎಂಜಿನ್ನಿಗೆ ಬೆಂಗಳೂರಿನ 20 ಡಿಗ್ರಿಯೂ ಚಳಿಯೇ, ಬಳ್ಳಾರಿಯ 40 ಡಿಗ್ರಿಯೂ ಚಳಿಯೇ. ಮೆಕ್ಯಾನಿಕ್ ಮಾತು ತಪ್ಪಿದ್ದು ಅಲ್ಲಿ. ಅವರು ಊರಿನ ಚಳಿ ಲೆಕ್ಕ ಹಾಕಿದರು, ಎಂಜಿನ್ನಿನ ಚಳಿ ಲೆಕ್ಕ ಹಾಕಲಿಲ್ಲ.

ಬಿಸಿಯಾದ ಮೇಲೆ ಫ್ಲಾಪ್ ಗಾಳಿಗೆ ಅಡ್ಡ ಬರೋದಿಲ್ವಾ ಅಂತ ಕೇಳಬಹುದು. ಬರೋದಿಲ್ಲ. ಘಾಟಿ ಹತ್ತುವಾಗ ಅದು ಪೂರ್ತಿ ತೆರೆದಿರುತ್ತದೆ. ತೆರೆದು ನಿಂತ ಆ ತಗಡು ಗಾಳಿಯನ್ನು ಹೆಡ್ಡಿನ ಕಡೆಗೆ, ಸಿಲಿಂಡರಿನ ಕಡೆಗೆ ತಿರುಗಿಸಿ ಕಳಿಸುವ ಕೆಲಸವನ್ನೂ ಮಾಡುತ್ತದೆ. ತೆಗೆದುಬಿಟ್ಟರೆ ಗಾಳಿ ತನಗೆ ಸಲೀಸು ಕಂಡ ಕಡೆ ನುಗ್ಗುತ್ತದೆ.

ಹಾಗಂತ ಮೆಕ್ಯಾನಿಕ್ಕುಗಳನ್ನು ದಡ್ಡರು ಅನ್ನಬೇಡಿ. ಅವರ ಭಯಕ್ಕೆ ಕಾರಣ ಇದೆ. ಐವತ್ತು ವರ್ಷದ ತಗಡು ತುಕ್ಕು ಹಿಡಿದು ಮುಚ್ಚಿದ ಕಡೆಯೇ ಸಿಕ್ಕಿಕೊಂಡರೆ, ಆಗ ತಿದಿಯೂ ಇಲ್ಲ, ಸ್ಪ್ರಿಂಗೂ ಇಲ್ಲ, ಎಂಜಿನ್ ಸೀಜ್. ಹೊಸ ತಿದಿ ತರಿಸಬೇಕು ಅಂದರೆ ಹೊರದೇಶದಿಂದ ಬರಬೇಕು. ಅಂಬಾಸಿಡರ್, ಪದ್ಮಿನಿಗಳಲ್ಲಿ ಬಿಸಿ ನೋಡಿ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟ್ ಕೂಡ ನಮ್ಮ ಗ್ಯಾರೇಜುಗಳಲ್ಲಿ ಇದೇ ರೀತಿ ಗುಜರಿ ಸೇರಿದ್ದು, ನಿಮಗೆ ಗೊತ್ತು. ಬಿಡಿಭಾಗ ಸಿಗದ ಕಾಲದಲ್ಲಿ ಕಲಿತ ಅಭ್ಯಾಸ ಅದು. ತಿದಿ ಸಿಗದಿದ್ದರೆ ಫ್ಲಾಪನ್ನು ತೆರೆದ ಸ್ಥಿತಿಯಲ್ಲೇ ಬಿಡಿ. ಕಿತ್ತು ಬಿಸಾಡೋದಕ್ಕಿಂತ ಅದು ಎಷ್ಟೋ ವಾಸಿ.

ಹಳೆಯ ಬೀಟಲ್ ಇದ್ದವರು ಒಂದು ವ್ಯತ್ಯಾಸ ತಿಳಿದಿರಿ. 1964ರ ಆಗಸ್ಟಿಗೆ ಮುಂಚಿನ ಎಂಜಿನ್ನಿನಲ್ಲಿ ಈ ಬಾಗಿಲುಗಳಿಲ್ಲ. ಫ್ಯಾನ್ ಗಾಳಿ ಎಳೆದುಕೊಳ್ಳುವ ಬಾಯಿಗೇ ಒಂದು ಬಳೆ, ತಿದಿ ಅದನ್ನು ಹತ್ತಿರ ದೂರ ಮಾಡುತ್ತಿತ್ತು. ಕೆರೆಗೆ ಬರುವ ಕಾಲುವೆಯನ್ನೇ ಕಟ್ಟಿದ ಹಾಗೆ. ಅದನ್ನು ಯಾಕೆ ಬದಲಾಯಿಸಿದರು? ನನ್ನ ಊಹೆ ಇಷ್ಟು. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಕಾರಿನ ಒಳಗಿನ ಹೀಟರಿಗೆ ಇದೇ ಫ್ಯಾನ್ ಗೂಡಿನಿಂದ ಗಾಳಿ ಕೊಡೋಕೆ ಶುರು ಮಾಡಿದ್ದರು. ಬಾಯಿಯನ್ನೇ ಮುಚ್ಚಿದರೆ ಚಳಿಯ ಬೆಳಿಗ್ಗೆ ಕಾರಿನೊಳಗೆ ಕೂತವರಿಗೂ ಗಾಳಿ ಕಡಿಮೆ. ಸಿಲಿಂಡರಿನ ತಲೆಯ ಮೇಲೆ ಬಾಗಿಲು ಇಟ್ಟರೆ ಆ ತೊಂದರೆ ಇಲ್ಲ.

ಮೂರನೇ ಸಿಲಿಂಡರಿನ ಬಗ್ಗೆ ಹೇಳದೆ ಬಿಟ್ಟರೆ ಬೀಟಲ್ ಮಂದಿ ನನ್ನನ್ನು ಮನೆಗೆ ಬಿಡೋದಿಲ್ಲ. ಹಳೆಯ ಗೂಡಿನೊಳಗೆ ಎಡಗಡೆ ಆಯಿಲ್ ಕೂಲರ್ ನಿಂತಿದೆ, ಸರಿಯಾಗಿ ಮೂರನೇ ಸಿಲಿಂಡರಿನ ಮೇಲೆ. ಗಾಳಿ ಮೊದಲು ಕೂಲರ್ ದಾಟಿ, ಬಿಸಿಯಾಗಿ, ಆಮೇಲೆ ಅದಕ್ಕೆ ಸಿಗುತ್ತದೆ. ನಾಲ್ಕು ಮಕ್ಕಳ ಮನೆಯಲ್ಲಿ ಒಬ್ಬನಿಗೆ ಯಾವಾಗಲೂ ಎಂಜಲು ಗಾಳಿ. ಕೆಲವು ವರ್ಷಗಳ ಕಾರುಗಳಲ್ಲಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ ಆ ಒಂದು ಸಿಲಿಂಡರಿಗೆ ಮಾತ್ರ ಕಿಡಿಯನ್ನು ಸ್ವಲ್ಪ ತಡವಾಗಿ ಕೊಡುತ್ತಿದ್ದರು, ಬಿಸಿ ಕಡಿಮೆಯಾಗಲಿ ಅಂತ. 1971ರ ಮಾದರಿಗೆ ಕೂಲರನ್ನು ಗೂಡಿನ ಹೊರಗೆ ಸರಿಸಿ ಅದಕ್ಕೇ ಬೇರೆ ದಾರಿ ಕೊಟ್ಟರು. ಆ ಉಬ್ಬಿಗೆ ಡಾಗ್‌ಹೌಸ್ ಅಂತ ಅಡ್ಡಹೆಸರು.

ಬೇರೆಯವರು ಏನು ಮಾಡಿದರು ಅಂತ ನೋಡಿದರೆ ತಮಾಷೆಯಾಗಿದೆ. ಅಮೆರಿಕದ ಶೆವ್ರೊಲೆ ಕಾರ್ವೇರ್ ಆರು ಸಿಲಿಂಡರಿನ ಗಾಳಿ ಎಂಜಿನ್, ಅದಕ್ಕೂ ತಿದಿ, ಅದಕ್ಕೂ ಬಾಗಿಲು. 1957ರ ಪುಟ್ಟ ಫಿಯಟ್ 500, ಅದಕ್ಕೂ ಕವಚದಲ್ಲಿ ತಾನಾಗಿ ತೆರೆಯುವ ಒಂದು ಬಾಗಿಲು. ಫ್ರಾನ್ಸಿನ ಸಿಟ್ರೊಎನ್ 2ಸಿವಿ ಮಾತ್ರ ಬೇರೆ ದಾರಿ ಹಿಡಿಯಿತು. ಅದರ ಫ್ಯಾನ್ ನೇರ ಕ್ರ್ಯಾಂಕಿಗೇ ಕೂತಿದೆ, ಬೆಲ್ಟೂ ಇಲ್ಲ, ತಿದಿಯೂ ಇಲ್ಲ. ಚಳಿಗಾಲ ಬಂದರೆ ಮಾಲೀಕರೇ ಗ್ರಿಲ್ಲಿಗೆ ಒಂದು ಹೊದಿಕೆ ಕಟ್ಟಬೇಕು. ಮಗುವಿಗೆ ಕುಲಾವಿ ಕಟ್ಟಿದ ಹಾಗೆ!

ನಮ್ಮ ಕಡೆಗೂ ಒಂದು ನಂಟಿದೆ. ಬೆಂಗಳೂರಿನ ಬೆಮೆಲ್ ಸೈನ್ಯಕ್ಕೆ ಒದಗಿಸಿದ ಟಾಟ್ರಾ ಲಾರಿಗಳ ದೊಡ್ಡ ಡೀಸೆಲ್ ಎಂಜಿನ್ನೂ ಗಾಳಿಯಿಂದಲೇ ತಣಿಯುವಂಥದ್ದು. ಆ ಟಾಟ್ರಾ ಕಂಪನಿ ಎರಡನೇ ಮಹಾಯುದ್ಧಕ್ಕೆ ಮುಂಚೆಯೇ ಹಿಂಭಾಗದಲ್ಲಿ ಗಾಳಿ ಎಂಜಿನ್ ಇಟ್ಟ ಕಾರು ಮಾಡಿತ್ತು. ಬೀಟಲ್ ನಮ್ಮದರ ನಕಲು ಅಂತ ತಗಾದೆ ಎದ್ದಿತು, ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಫೋಕ್ಸ್‌ವ್ಯಾಗನ್ ದುಡ್ಡು ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ಅದು ಇನ್ನೊಂದು ಸಂಜೆಯ ಮಾತು.

ನಿಮ್ಮ ಕಾರಿನಲ್ಲಿ ಇದೆಯೋ ಇಲ್ಲವೋ ನೋಡೋದು ಹೇಗೆ? ಎಂಜಿನ್ ತಣ್ಣಗಿರಲಿ. ಬಲಗಡೆ ಹಿಂದಿನ ಚಕ್ರದ ಪಕ್ಕ ಗೋಣಿ ಹಾಸಿ ಮಲಗಿ, ಟಾರ್ಚ್ ಹಿಡಿಯಿರಿ. ಸಿಲಿಂಡರುಗಳ ಕೆಳಗಿನ ತಗಡು ಬಿಚ್ಚಿದರೆ ತಿದಿ, ಅದರ ಸುತ್ತ ಒಂದು ಬ್ರ್ಯಾಕೆಟ್ ಕಾಣಬೇಕು. ಬರೀ ಕಂಬಿ ನೇತಾಡುತ್ತಿದ್ದರೆ ಯಾರೋ ನಿಮಗಿಂತ ಮುಂಚೆ ಬಂದು ಹೋಗಿದ್ದಾರೆ. ಕೂರಿಸುವಾಗ ಒಂದೇ ಎಚ್ಚರ. ಫ್ಲಾಪ್ ಪೂರ್ತಿ ತೆರೆದಿರುವಾಗ ಚಾಚಿದ ತಿದಿಯ ತಲೆ ಬ್ರ್ಯಾಕೆಟ್ಟಿನ ಮೇಲಂಚಿಗೆ ತಾಗಬೇಕು, ಆ ಸ್ಥಿತಿಯಲ್ಲಿ ಬ್ರ್ಯಾಕೆಟ್ಟಿನ ನಟ್ ಬಿಗಿ ಮಾಡಿ. ಅದಕ್ಕೂ ಮುಂಚೆ ಫ್ಲಾಪನ್ನು ಕೈಯಲ್ಲೇ ಹತ್ತು ಸಲ ಆಡಿಸಿ ನೋಡಿ, ಎಲ್ಲೂ ಹಿಡಿಯಬಾರದು. ಹಾಗೇ ಎಂಜಿನ್ ಸುತ್ತಲಿನ ರಬ್ಬರ್ ಪಟ್ಟಿ ಇದೆಯಾ ನೋಡಿ. ಅದಿಲ್ಲದಿದ್ದರೆ ಕೆಳಗೆ ಹೋದ ಬಿಸಿ ಗಾಳಿ ಮತ್ತೆ ಮೇಲೆ ಬಂದು ಫ್ಯಾನಿಗೇ ಸೇರುತ್ತದೆ, ಆಮೇಲೆ ಫ್ಲಾಪ್ ಪಾಪ ಏನು ಮಾಡುತ್ತದೆ?

ನನ್ನ ಕಾರಿಗೆ ಎರಡು ಫ್ಲಾಪ್, ಒಂದು ತಿದಿ ಕೂರಿಸಿದ ಮೇಲೆ ಕೆಮ್ಮು ನಿಂತಿತು. ಕೆನೆ ಹೋಗೋಕೆ ಎರಡು ಸಲ ಆಯಿಲ್ ಬದಲಾಯಿಸಬೇಕಾಯಿತು. ಹೋದ ತಿಂಗಳು ಆ ಮೆಕ್ಯಾನಿಕ್ಕನ್ನು ಮನೆಗೆ ಕರೆದು ಇದೇ ಲೋಟದಲ್ಲಿ ಇದೇ ತಿದಿ ಮುಳುಗಿಸಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಸಾರ್, ಇದು ಒಂದು ಎಲ್ಲಿ ಸಿಗುತ್ತೆ?" ಅಂದರು. ಅವರ ಇನ್ನೊಬ್ಬ ಗಿರಾಕಿಯ ಬೀಟಲ್ಲಿನಲ್ಲೂ ತಗಡು ಅವರೇ ತೆಗೆದಿದ್ದಾರಂತೆ.

ಮಾತಾಡುತ್ತ ಮಾತಾಡುತ್ತ ಬಿಸಿ ತಿದಿ ಮತ್ತೆ ಮುದುರಿಕೊಂಡಿದೆ. ಫ್ಲಾಸ್ಕಿನಲ್ಲಿ ಇನ್ನೂ ನೀರಿದೆ. ಬನ್ನಿ, ಸ್ಕೇಲ್ ಇಲ್ಲೇ ಇದೆ, ನೀವೇ ಅಳೆದು ನೋಡಿ.